ಹುಲಿಪಟ್ಟೆಯ ಕೋವಿ

ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ಹೊಳೆಯ ದಡದಲ್ಲಿ ನಿಂತಿರುವ ಕರಿಗಲ್ಲಿನ ಸುಲ್ತಾನ್ ಬತ್ತೇರಿಯನ್ನು ನೋಡದ ಮಂಗಳೂರಿಗರು ಇರಲಾರರು. ನೋಡಿದವರಲ್ಲಿ ಹೆಚ್ಚಿನವರು ಮೆಟ್ಟಿಲು ಹತ್ತಿ, ಗೋಡೆಯ ಕಿಂಡಿಗಳಲ್ಲಿ ಒಮ್ಮೆ ಇಣಿಕಿ, ಬಳಿಕ ದೋಣಿ ಹಿಡಿದು ಆಚೆಯ ತಣ್ಣೀರುಬಾವಿಗೆ ಹೋಗಿ ಮರಳಿನಲ್ಲಿ ಕುಳಿತು ಬರುವವರು. ಹುಡುಗನಾಗಿದ್ದಾಗ ನಾನೂ ಅಷ್ಟನ್ನೇ ಮಾಡಿದವನು. ಆ ಕಿಂಡಿಗಳ ಹಿಂದೆ ನಿಲ್ಲಬೇಕಾಗಿದ್ದವರ ಕೈಯಲ್ಲಿ ಎಂಥ ಕೋವಿ ಇದ್ದಿತು, ಅದನ್ನು ಎಲ್ಲಿ ಮಾಡಿದರು, ಕೊನೆಗೆ ಅದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಬಹುಕಾಲ ನನ್ನ ಮನಸ್ಸಿಗೆ ಬರಲೇ ಇಲ್ಲ. ಇತಿಹಾಸದ ಅಧ್ಯಾಪಕನಾಗಿ ಬಹಳ ವರ್ಷ ಟಿಪ್ಪು ಸುಲ್ತಾನನ ಯುದ್ಧಗಳನ್ನು ಪಾಠ ಹೇಳಿದ್ದೇನೆ. ಒಂದು, ಎರಡು, ಮೂರು, ನಾಲ್ಕು ಎಂದು ಬೆರಳು ಮಡಿಸಿದ್ದೇನೆ. ಕೋವಿಯ ಮಾತು ಬಂದದ್ದು ನಿವೃತ್ತಿಯ ಸಮೀಪದಲ್ಲಿ.

ಸ್ನೇಹಿತರೊಬ್ಬರು ಲಂಡನ್ನಿನಿಂದ ಬರುವಾಗ ಹರಾಜು ಸಂಸ್ಥೆಯೊಂದರ ಚಿತ್ರಪುಸ್ತಕವನ್ನು ನನಗಾಗಿ ತಂದರು. ಅದರ ತುಂಬ ಟಿಪ್ಪುವಿನ ಆಯುಧಶಾಲೆಯ ಕತ್ತಿ, ಕೋವಿ, ಪಿಸ್ತೂಲುಗಳ ಬಣ್ಣದ ಚಿತ್ರಗಳು. ಕೋವಿಗಳನ್ನು ನೋಡಿ ನಾನು ಬೆರಗಾದೆ. ನಳಿಗೆಯ ಮೇಲೆ ಚಿನ್ನದ ಎಳೆಯಲ್ಲಿ ಪಾರಸಿ ಬರಹ. ಮರದ ಹಿಡಿಗೆ ಬೆಳ್ಳಿಯ ಕುಸುರಿ. ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲೆಂದರಲ್ಲಿ ಹುಲಿಯ ಮೈಮೇಲಿನ ಪಟ್ಟೆ. ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಕಬ್ಬಿಣದ ತುಂಡು ಕೂಡ ಹುಲಿಯ ತಲೆ. ಸಂತೋಷವನ್ನು ಹಂಚಿಕೊಳ್ಳುವ ಚಪಲ ಅಧ್ಯಾಪಕರಿಗೆ ಸಹಜ. ಮರುದಿನ ಪುಸ್ತಕವನ್ನು ತರಗತಿಗೆ ಒಯ್ದು, ಇಂಥ ಸುಂದರವಾದ ಕೆಲಸ ನಮ್ಮ ನಾಡಿನಲ್ಲಿ ನಡೆಯಿತೆಂದು ಹೆಮ್ಮೆಯಿಂದಲೇ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಇಲ್ಲಿಯ ಹಳೆಯ ಕ್ರೈಸ್ತ ಮನೆತನದವಳು. ತನ್ನ ಹಿರಿಯರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ಇಂಥ ಕೋವಿ ತೋರಿಸಿಯೇ ಅಲ್ಲವೇ, ಇದನ್ನು ಸುಂದರವೆಂದು ತಾನು ಹೇಗೆ ಒಪ್ಪಲಿ ಎಂದು ಕೇಳಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಉತ್ತರವನ್ನು ನಿಜವಾಗಿ ಬಯಸಿದ ದನಿ ಅದು. ನಾನು ಏನೋ ಹಾರಿಕೆಯ ಮಾತು ಹೇಳಿ ಪಾಠ ಮುಂದುವರಿಸಿದೆ. ಆ ಹಾರಿಕೆಯ ಸಾಲವನ್ನು ತೀರಿಸುವುದಕ್ಕೆಂದೇ ಟಿಪ್ಪುವಿನ ಬಾಳನ್ನು ಅವನ ಕೋವಿಗಳ ಜೊತೆಗಿಟ್ಟು ಮತ್ತೊಮ್ಮೆ ಓದಿದೆ.

ಹಳೆಯ ಆಯುಧಗಳನ್ನು ಸಂಗ್ರಹಿಸುವ ಹವ್ಯಾಸ ಪಶ್ಚಿಮದಲ್ಲಿ ದೊಡ್ಡದು. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ದೇಶದಲ್ಲಿ ಹಕ್ಕು ಪಡೆದ ರಿವಾಲ್ವರಿನ ವಂಶದ ಪಿಸ್ತೂಲುಗಳನ್ನು, ಅದರಲ್ಲಿಯೂ ಬಳ್ಳಿ, ಎಲೆ, ಪ್ರಾಣಿಗಳನ್ನು ಕೆತ್ತಿದವನ್ನು, ಕೊಳ್ಳುವವರು ಪ್ರಪಂಚದಾದ್ಯಂತ ಇದ್ದಾರೆ. ಗುಂಡು ಹಾರುತ್ತದೆಯೇ ಎಂದು ಅವರು ಕೇಳುವುದಿಲ್ಲ. ಕೆತ್ತನೆ ಸವೆದಿದೆಯೇ, ಕೆತ್ತಿದವನು ಯಾರು, ಯಾರ ಕೈಯಿಂದ ಯಾರ ಕೈಗೆ ಬಂದಿತು, ಇಷ್ಟೇ ಅವರ ಪ್ರಶ್ನೆ. ಟಿಪ್ಪು ಸತ್ತದ್ದು ಕೋಲ್ಟನ ರಿವಾಲ್ವರಿಗೆ 37 ವರ್ಷ ಮುಂಚೆ. ಆದರೂ ರಿವಾಲ್ವರಿನ ಹಿಂದಿರುವ ಆಸೆ, ಎಂದರೆ ಮದ್ದು ತುಂಬುವ ಕಷ್ಟವಿಲ್ಲದೆ ಎರಡನೆಯ ಗುಂಡನ್ನು ಹಾರಿಸಬೇಕೆಂಬ ಆಸೆ, ಅವನ ಕಮ್ಮಾರರಿಗೂ ಇದ್ದಿತು. ಅವರು ಮಾಡಿದ ಒಂದು ಬೇಟೆಕೋವಿಗೆ ನಳಿಗೆ ಒಂದೇ. ಅದರೊಳಗೆ ಒಂದರ ಮೇಲೊಂದು ಎರಡು ಸಲದ ಮದ್ದುಗುಂಡು. ಮುಂದಿನದಕ್ಕೊಂದು, ಹಿಂದಿನದಕ್ಕೊಂದು, ಹೀಗೆ ಕಿಡಿ ಹಾರಿಸುವ ಯಂತ್ರಗಳೂ ಎರಡು. ಮುಂದಿನದನ್ನು ಮೊದಲು ಹಾರಿಸಬೇಕು. ಗಡಿಬಿಡಿಯಲ್ಲಿ ಹಿಂದಿನದಕ್ಕೆ ಮೊದಲು ಬೆಂಕಿ ಕೊಟ್ಟರೆ ಹುಲಿಗಿಂತ ಬೇಟೆಗಾರನಿಗೇ ಅಪಾಯ ಹೆಚ್ಚು.

ಈ ಕೋವಿಗಳ ಒಡೆಯನು ಹುಟ್ಟಿದುದು 1750ರ ನವೆಂಬರ್ 20ರಂದು, ದೇವನಹಳ್ಳಿಯಲ್ಲಿ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತನ ಹೆಸರನ್ನು ಮಗುವಿಗೆ ಇಟ್ಟರು. ತಂದೆ ಹೈದರಾಲಿ ಅಕ್ಷರ ಕಲಿತವನಲ್ಲ. ಮಗನಿಗೆ ಮಾತ್ರ ಒಳ್ಳೆಯ ವಿದ್ಯೆ ಕೊಡಿಸಿದ. ಹೈದರನು 1763ರಲ್ಲಿ ಬಿದನೂರನ್ನು ಗೆದ್ದು ಅದಕ್ಕೆ ತನ್ನ ಹೆಸರಿಟ್ಟ. ನಾವು ಈಗ ನಗರವೆಂದು ಕರೆಯುವ ಊರು ಅದು. ಅದೇ ಬೀಸಿನಲ್ಲಿ ಮಂಗಳೂರೂ ಅವನ ವಶವಾಯಿತು. ಮೈಸೂರಿನ ಘಟ್ಟದ ಮೇಲಿನ ರಾಜ್ಯಕ್ಕೆ ಕಡಲಿನ ಬಾಗಿಲು ತೆರೆದದ್ದು ಹೀಗೆ. ಹಡಗು ಕಟ್ಟುವುದಕ್ಕೆ ಮರ, ಮಾರುವುದಕ್ಕೆ ಅಕ್ಕಿ ಮೆಣಸು, ಕೊಳ್ಳುವುದಕ್ಕೆ ಪರದೇಶದ ಕುದುರೆ ಮತ್ತು ಆಯುಧ, ಎಲ್ಲಕ್ಕೂ ಈ ಬಂದರು ಬೇಕು. ಅಪ್ಪ ಮಗ ಇಬ್ಬರೂ ಈ ಊರಿಗಾಗಿ ಅಷ್ಟು ಹೋರಾಡಿದುದರ ಗುಟ್ಟು ಇಲ್ಲಿದೆ.

1768ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷರು ಮಂಗಳೂರನ್ನು ಹಿಡಿದರು. ಹೈದರನು ಮಗನನ್ನು ಕುದುರೆಪಡೆಯೊಂದಿಗೆ ಮುಂದಾಗಿ ಕಳುಹಿಸಿದ. ಟಿಪ್ಪುವಿಗೆ ಆಗ ಹದಿನೇಳು ವರ್ಷ. ಇಂಗ್ಲಿಷರು ನಿಂತು ಕಾದದೆ ಹಡಗು ಹತ್ತಿ ಓಡಿದರು; ಫಿರಂಗಿ, ಸಾಮಗ್ರಿ ಹೋಗಲಿ, ರೋಗಿಗಳನ್ನೂ ಗಾಯಾಳುಗಳನ್ನೂ ಸಹ ಬಿಟ್ಟು ಹೋದರು. ಆ ಹುಡುಗನ ಮೊದಲ ದೊಡ್ಡ ಗೆಲುವುಗಳಲ್ಲಿ ಒಂದು ನಮ್ಮ ಬಂದರಿನಲ್ಲಿಯೇ ಆಯಿತೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಯುರೋಪಿನವರ ಆಯುಧಗಳನ್ನು ರಾಶಿಯಾಗಿ, ಹತ್ತಿರದಿಂದ ಅವನು ನೋಡಿದ್ದೂ ಇಲ್ಲಿ ಇರಬಹುದೆಂಬುದು ಈಗ ಸೇರಿಸುವ ಊಹೆ.

ಹೈದರನು 1782ರ ಡಿಸೆಂಬರ್ 7ರಂದು ತೀರಿಕೊಂಡ. ಪಟ್ಟಕ್ಕೆ ಬಂದ ಟಿಪ್ಪುವಿಗೆ ಮೊದಲ ಪೆಟ್ಟು ಕರಾವಳಿಯಿಂದಲೇ ಬಿದ್ದಿತು. ಜನರಲ್ ಮ್ಯಾಥ್ಯೂಸ್ ಎಂಬವನು ಘಟ್ಟ ಹತ್ತಿ ಬಿದನೂರನ್ನು ಹಿಡಿದ. 1783ರ ಮಾರ್ಚಿಯಲ್ಲಿ ಮಂಗಳೂರೂ ಹೋಯಿತು. ಟಿಪ್ಪು ಬಿರುಗಾಳಿಯಂತೆ ಬಂದು ಬಿದನೂರನ್ನು ಮರಳಿ ಪಡೆದು, ಮ್ಯಾಥ್ಯೂಸನನ್ನು ಸೆರೆಹಿಡಿದು, ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಯ ಮುಂದೆ ಡೇರೆ ಹಾಕಿದ. ಒಳಗೆ ಕರ್ನಲ್ ಜಾನ್ ಕ್ಯಾಂಬೆಲ್, ಅವನ ಸ್ಕಾಟಿಷ್ ಸೈನಿಕರು, ಮುಂಬಯಿಯ ಸಿಪಾಯಿಗಳು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಮಳೆಗಾಲವನ್ನು ನೆನೆಯಬೇಕು. ಆ ಕಾಲದ ಕೋವಿಯ ಜೀವ ಇರುವುದು ಒಂದು ಚಿಟಿಕೆ ಒಣ ಮದ್ದಿನಲ್ಲಿ. ಕುದುರೆ ಎಳೆದಾಗ ಚಕಮಕಿ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರುತ್ತದೆ. ಕಿಡಿ ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ತಗಲುತ್ತದೆ. ಆ ಉರಿ ಸಣ್ಣ ರಂಧ್ರದಿಂದ ಒಳಕ್ಕೆ ಹೋಗಿ ಗುಂಡನ್ನು ಹೊರದೂಡುತ್ತದೆ. ಬಟ್ಟಲಿಗೆ ನೀರು ಬಿದ್ದರೆ ಕೋವಿ ಬರಿಯ ದೊಣ್ಣೆ. ನಮ್ಮ ಕಾರ್ತೆಲ್, ಆಟಿ ತಿಂಗಳುಗಳ ಜಡಿಮಳೆಯಲ್ಲಿ ಎರಡೂ ಕಡೆಯವರು ಈ ದೊಣ್ಣೆ ಹಿಡಿದು ಎದುರುಬದುರಾಗಿ ಕುಳಿತರು. ಯುರೋಪಿನಲ್ಲಿ ಸಂಧಿಯಾದ ಸುದ್ದಿ ಬಂದು ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಆಗಸ್ಟಿನಲ್ಲಿ ಹೆಸರಿಗೆ ಕದನವಿರಾಮವಾಯಿತು, ಮುತ್ತಿಗೆ ತೆಗೆಯಲಿಲ್ಲ. ಒಳಗಿನವರನ್ನು ಕೊನೆಗೆ ಸೋಲಿಸಿದುದು ಹಸಿವು ಮತ್ತು ರೋಗ. 1784ರ ಜನವರಿ 30ರಂದು ಕ್ಯಾಂಬೆಲ್ ಕೋಟೆಯನ್ನು ಬಿಟ್ಟುಕೊಟ್ಟ. ಆದರೆ ಅವನ ಜನ ಆಯುಧಗಳನ್ನು ಕೈಯಲ್ಲಿ ಹಿಡಿದೇ ಹೊರಬಂದು ತಲಚೇರಿಯ ಕಡೆ ಹೋದರೆಂಬುದು ಗಮನಿಸತಕ್ಕ ಸಂಗತಿ. ಶತ್ರುವಿಗೆ ಅಷ್ಟು ಮರ್ಯಾದೆ ತೋರಿಸಿದ. ಕ್ಯಾಂಬೆಲ್ ಎರಡು ತಿಂಗಳು ಕಳೆಯುವುದರೊಳಗೆ ಮುಂಬಯಿಯಲ್ಲಿ ತೀರಿಹೋದ.

ಅದೇ ತಿಂಗಳುಗಳಲ್ಲಿ ನಡೆದ ಇನ್ನೊಂದು ಸಂಗತಿಯೇ ನನ್ನ ವಿದ್ಯಾರ್ಥಿನಿಯ ಮನೆಯ ಇತಿಹಾಸ. ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆಪಾದನೆಯ ಮೇಲೆ ಕೆನರಾ ಪ್ರದೇಶದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಇಲ್ಲಿಯ ಸಮುದಾಯದ ನೆನಪಿನಲ್ಲಿ ಆ ದಿನ 1784ರ ಫೆಬ್ರವರಿ 24, ವಿಭೂತಿ ಬುಧವಾರ. ಹಿಡಿದವರ ಸಂಖ್ಯೆಯನ್ನು ಒಬ್ಬರು 30,000 ಎಂದರೆ ಇನ್ನೊಬ್ಬರು ಅದರ ಇಮ್ಮಡಿ ಹೇಳುತ್ತಾರೆ. ಹೆಂಗಸರು ಮಕ್ಕಳು ಕೂಡಿ ಘಟ್ಟ ಹತ್ತಿದರು. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು ಅನೇಕರು. ಚರ್ಚುಗಳನ್ನು ಕೆಡವಿದರು. ಯುವಕರನ್ನು ಮತಾಂತರಿಸಿ ಅಹ್ಮದಿ ಎಂಬ ದಳಗಳಿಗೆ ಸೇರಿಸಿದರು. ಉಳಿದವರು ಊರು ಕಂಡದ್ದು ಹದಿನೈದು ವರ್ಷಗಳ ಮೇಲೆ, ಟಿಪ್ಪುವಿನ ಪತನದ ನಂತರ. ಕೊಡಗಿನವರಿಗೂ ಇಂಥದೇ ನೆನಪು ಇದೆ. ಇದನ್ನು ರಾಜಕಾರಣದ ಅವಶ್ಯಕತೆಯೆಂದು ವಿವರಿಸಿ ಮುಗಿಸುವ ಪುಸ್ತಕಗಳನ್ನು ನಾನು ಓದಿದ್ದೇನೆ, ಪಾಠದಲ್ಲಿ ಅದೇ ಧಾಟಿಯಲ್ಲಿ ಹೇಳಿಯೂ ಇದ್ದೇನೆ. ಅಪರಾಧ ಮಾಡಿದವರು ಕೆಲವರಿದ್ದರೆಂದೇ ಇಟ್ಟುಕೊಂಡರೂ ತೊಟ್ಟಿಲ ಮಗು ಮಾಡಿದ ಅಪರಾಧವೇನೆಂಬುದಕ್ಕೆ ಆ ಪುಸ್ತಕಗಳಲ್ಲಿ ಉತ್ತರವಿಲ್ಲ.

ಇತ್ತ ಸಂಧಿಯ ಮಾತು ನಡೆದು 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿಯಾಯಿತು. ಗೆದ್ದ ನೆಲವನ್ನು ಪರಸ್ಪರ ಹಿಂದಿರುಗಿಸಬೇಕೆಂಬುದು ಅದರ ತಿರುಳು. ಮದರಾಸಿನ ಅಧಿಕಾರಿಗಳು ಟಿಪ್ಪು ಇದ್ದಲ್ಲಿಗೆ ಬಂದು ಸಹಿ ಹಾಕಬೇಕಾಯಿತೆಂಬುದು ಕಲ್ಕತ್ತೆಯ ವಾರನ್ ಹೇಸ್ಟಿಂಗ್ಸನಿಗೆ ನುಂಗಲಾರದ ತುತ್ತಾಯಿತು. ತರುವಾಯ ಟಿಪ್ಪು ಮಂಗಳೂರಿನ ಕೋಟೆಯನ್ನು ತಾನೇ ಕೆಡವಿಸಿದ. ಶತ್ರುವಿಗೆ ಮತ್ತೊಮ್ಮೆ ಅದು ಆಸರೆಯಾಗಬಾರದು. ಯುದ್ಧದ ಹಡಗುಗಳು ಹೊಳೆಯೊಳಕ್ಕೆ ಬಾರದಂತೆ ಕಾಯುವುದಕ್ಕೆ ಬೋಳೂರಿನ ಬತ್ತೇರಿಯನ್ನು ಕಟ್ಟಿಸಿದ. ಒಳಗಿನ ನೆಲಮಾಳಿಗೆಯಲ್ಲಿ ಮದ್ದು ಇಡುತ್ತಿದ್ದರು.

ಯುರೋಪಿನವರ ಬಲ ಅವರ ಕಾರ್ಖಾನೆಗಳಲ್ಲಿದೆ ಎಂಬುದನ್ನು ನಮ್ಮ ದೊರೆಗಳಲ್ಲಿ ಅವನಷ್ಟು ಚೆನ್ನಾಗಿ ಅರಿತವರು ಅಪರೂಪ. 1787ರಲ್ಲಿ ಅವನು ಫ್ರಾನ್ಸಿಗೆ ಕಳುಹಿಸಿದ ಮೂವರು ರಾಯಭಾರಿಗಳು ಮರುವರ್ಷದ ಆಗಸ್ಟ್ 10ರಂದು ವರ್ಸಾಯಿಯ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಅವರು ಕೇಳಿದುದು ಸೈನ್ಯದ ನೆರವನ್ನಷ್ಟೇ ಅಲ್ಲ. ಫಿರಂಗಿ ಎರಕದವರು, ಗಡಿಯಾರದವರು, ಗಾಜಿನವರು, ಪಿಂಗಾಣಿಯವರು, ನೇಕಾರರು ಬೇಕು ಎಂದರು. ಸೈನ್ಯ ಬರಲಿಲ್ಲ; ಕೆಲವು ಕುಶಲಕರ್ಮಿಗಳು ಬಂದರು. ಲೂಯಿಯ ತಲೆಯ ಮೇಲೆಯೇ ಆಗ ಕತ್ತಿ ತೂಗುತ್ತಿದ್ದಿತು, ಪಾಪ.

ಶ್ರೀರಂಗಪಟ್ಟಣ, ನಗರ ಮೊದಲಾದ ಕಡೆ ನಡೆದ ಬಂದೂಕಿನ ಕಾರ್ಖಾನೆಗಳಲ್ಲಿ ಆದ ಕೋವಿಗಳು ಸ್ವತಃ ತಮ್ಮ ಕಥೆಯನ್ನು ಹೇಳುತ್ತವೆ. ಅವುಗಳ ಮೇಲೆ ಊರಿನ ಹೆಸರಿದೆ, ಕೆಲವದರ ಮೇಲೆ ಮಾಡಿದವನ ಹೆಸರಿದೆ, ವರ್ಷವಿದೆ. ಈ ವರ್ಷವನ್ನು ಓದುವುದೇ ಸಂಗ್ರಾಹಕರಿಗೆ ಮೊದಲ ಪರೀಕ್ಷೆ. ಟಿಪ್ಪು ಹಿಜರಿ ಶಕೆಯನ್ನು ಬಿಟ್ಟು, ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಎಂಬ ಹೊಸ ಶಕೆಯನ್ನು ತಂದ. ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. 1222 ಎಂಬುದು ಕೋವಿಯ ಮೇಲೆ 2221 ಎಂದು ಕಾಣುತ್ತದೆ. ಇದನ್ನು ಅರಿಯದೆ 1222ನ್ನು ಹಿಜರಿಯೆಂದು ಓದಿದವರಿಗೆ ಕೋವಿ 1807ರದಾಗುತ್ತದೆ, ಎಂದರೆ ಟಿಪ್ಪು ಸತ್ತು ಎಂಟು ವರ್ಷವಾದ ಮೇಲೆ ಹುಟ್ಟಿದ ಕೋವಿ! ಮೌಲೂದಿಯಂತೆ ಓದಿದರೆ ಸರಿಯಾಗಿ 1794ರ ಆಸುಪಾಸಿಗೆ ಬರುತ್ತದೆ. ಸ್ವಾರಸ್ಯವೆಂದರೆ, ಪ್ರಭವದಿಂದ ಅಕ್ಷಯದವರೆಗಿನ ನಮ್ಮ ಅರುವತ್ತು ಸಂವತ್ಸರಗಳ ಚಕ್ರವನ್ನು ಈ ಹೊಸ ಪಂಚಾಂಗದಲ್ಲಿ ಅವನು ಹಾಗೆಯೇ ಇರಿಸಿಕೊಂಡ. ಹೆಸರುಗಳನ್ನು ಮಾತ್ರ ತಾನೇ ಬೇರೆ ಇಟ್ಟ.

ನಳಿಗೆಯ ಮೇಲೆ ಒತ್ತಿದ ಮುದ್ರೆಗಳೂ ಉಂಟು. ಒಂದರಲ್ಲಿ ತಂದೆ ಹೈದರನ ಹೆಸರು. ಇನ್ನೊಂದು, ನಾಲ್ಕು ಅರಬ್ಬೀ ಅಕ್ಷರಗಳ ಚೌಕ. ನಮ್ಮ ಕಟಪಯಾದಿಯ ಹಾಗೆ ಅಕ್ಷರಕ್ಕೆ ಸಂಖ್ಯೆ ಹಿಡಿಯುವ ಅವರ ಪದ್ಧತಿಯಲ್ಲಿ ಅದು 2, 4, 6, 8 ಆಗುತ್ತದೆ. ಕೇಡು ತಟ್ಟದಂತೆ ಕಾಯುವ ಯಂತ್ರವೆಂದು ನಂಬಿಕೆ. ಹೈದರ್ ಎಂದರೆ ಸಿಂಹ. ದೇವರ ಸಿಂಹವೆಂದು ಪ್ರಸಿದ್ಧನಾದ ಅಲಿಯ ಬಿರುದು ಅದು. ಟಿಪ್ಪುವಿನ ಲಾಂಛನದಲ್ಲಿ ಸಿಂಹ ಮತ್ತು ಹುಲಿಗೆ ಭೇದವಿಲ್ಲ. ಆ ಬಿರುದಿನ ಅಕ್ಷರಗಳನ್ನೇ ಹೊಂದಿಸಿ ಹುಲಿಯ ಮುಖವನ್ನು ಬರೆಯಿಸಿದ್ದಾನೆ. ಸಿಂಹಾಸನಕ್ಕೆ ಹುಲಿಯ ತಲೆ, ಸೈನಿಕರ ಅಂಗಿಗೆ ಹುಲಿಯ ಪಟ್ಟೆ, ಕುಕ್ಕುರಿಸಿ ಕುಳಿತ ಹುಲಿಯಾಕಾರದ ಫಿರಂಗಿ. ಯುರೋಪಿಯನನೊಬ್ಬನ ಮೇಲೆ ಎರಗಿ ಗುರುಗುಟ್ಟುವ ಆ ಮರದ ಹುಲಿಯ ಬೊಂಬೆ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವುದು ವಾಚಕರಿಗೆ ತಿಳಿದೇ ಇದೆ.

ಈ ಹುಲಿಯ ಹಿಂದಿದ್ದ ಮನುಷ್ಯ ಎಂಥವನು? ರಾತ್ರಿ ಕಂಡ ಕನಸುಗಳನ್ನು ಬೆಳಗ್ಗೆ ಎದ್ದು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದಿಟ್ಟವನು. ಹಾಗೆ ಬರೆದ 37 ಕನಸುಗಳ ಪುಸ್ತಕ ಅವನ ಮಲಗುವ ಕೋಣೆಯಲ್ಲಿ ದೊರೆಯಿತು. ರೇಷ್ಮೆ ಹುಳು ಸಾಕುವುದರಿಂದ ಮಸ್ಕತ್ತಿನ ವ್ಯಾಪಾರದವರೆಗೆ ಎಲ್ಲದರ ಮೇಲೂ ತಾನೇ ಕಾಗದ ಬರೆದವನು. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಸುಲಿದಾಗ ಜಗದ್ಗುರುಗಳಿಗೆ ವಿನಯದಿಂದ ಪತ್ರ ಬರೆದು ಮರುಪ್ರತಿಷ್ಠೆಗೆ ಧನ ಕಳುಹಿಸಿದವನು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಆರ್. ನರಸಿಂಹಾಚಾರ್ಯರು. ವಿಭೂತಿ ಬುಧವಾರದ ಆಜ್ಞೆಯೂ ಈತನದೇ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ಎರಡು ಪಂಗಡದವರೂ ನನಗೆ ಬೇಸರ ತರಿಸಿದ್ದಾರೆ.

ಮುಂದಿನ ಕಥೆ ಬೇಗ ಮುಗಿಯುತ್ತದೆ. ಕಾರ್ನ್‌ವಾಲಿಸನೊಡನೆ ನಡೆದ ಯುದ್ಧದ ಕೊನೆಗೆ, 1792ರಲ್ಲಿ, ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳು, ಇಷ್ಟನ್ನು ಕೊಡಬೇಕಾಯಿತು. ಮಂಗಳೂರು ಮಾತ್ರ ಕೈಯಲ್ಲಿ ಉಳಿಯಿತು. 1796ರಲ್ಲಿ 40 ಯುದ್ಧನೌಕೆಗಳನ್ನು ಕಟ್ಟಿಸುವ ಹುಕುಂ ಹೊರಟಿತು. ಕಟ್ಟುವ ಸ್ಥಳಗಳಲ್ಲಿ ನಮ್ಮ ಊರೂ ಒಂದು. ಆ ಯೋಜನೆ ಪೂರೈಸುವ ಮೊದಲೇ ಅವನ ಕಾಲ ಪೂರೈಸಿತು. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದರು. ಗೋಡೆಯ ಬಳಿ ನಿಂತು ತಾನೇ ಕೋವಿ ಹಾರಿಸಿ ಕಾದಿದ ಸುಲ್ತಾನನ ದೇಹ ಆ ರಾತ್ರಿ ದೀಪ ಹಿಡಿದು ಹುಡುಕಿದವರಿಗೆ ಹೆಣಗಳ ರಾಶಿಯ ನಡುವೆ ಸಿಕ್ಕಿತು. ಕಪೋಲದ ಬಳಿ ಗುಂಡಿನ ಗಾಯವಿತ್ತು. ಗುಂಡು ಹೊಡೆದವನ ಹೆಸರು ಯಾರಿಗೂ ತಿಳಿಯಲಿಲ್ಲ. ಅವನು ಹೊಡೆದದ್ದು ನಡುಕಟ್ಟಿನ ಚಿನ್ನದಾಸೆಗೆ ಎನ್ನುತ್ತಾರೆ.

ಆ ರಾತ್ರಿಯ ಲೂಟಿಯನ್ನು ವರ್ಣಿಸುವುದು ಬೇಡ. ಮರುದಿನ ಕೋಟೆಯ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಯುದ್ಧವನ್ನು ಗೆದ್ದವನು, ನಾಲ್ವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಿದ. ಅರಮನೆಯಲ್ಲಿ ಟಿಪ್ಪು ಸಾಕಿದ್ದ ಜೀವಂತ ಹುಲಿಗಳಿಗೆ ಆಹಾರ ಹಾಕುವವರಿಲ್ಲದೆ, ಅವನ್ನು ಗುಂಡಿಟ್ಟು ಕೊಲ್ಲಿಸಿದವನೂ ಅವನೇ. ಕೋಟೆಯಲ್ಲಿ ಸಿಕ್ಕ ಆಯುಧಗಳ ಲೆಕ್ಕವನ್ನು ಇಂಗ್ಲಿಷರು ಬರೆದಿಟ್ಟಿದ್ದಾರೆ: ಫಿರಂಗಿಗಳು 929, ಬಂದೂಕು ಮುಂತಾದವು 99,000, ಬಂದೂಕು ಮಾಡುವ ಕಮ್ಮಟಗಳು 11, ಫಿರಂಗಿ ಎರಕದ ಶಾಲೆಗಳು 2. ಕೊಳ್ಳೆಯನ್ನು ಪದವಿಗೆ ತಕ್ಕಂತೆ ಹಂಚಿಕೊಂಡರು. ದಳಪತಿ ಹ್ಯಾರಿಸನ ಪಾಲಿಗೆ ಬಂದದ್ದೇ 1,40,000 ಪೌಂಡಿಗೂ ಮಿಕ್ಕಿತ್ತು. ಕೆತ್ತನೆಯ ಕೋವಿಗಳು ಅಧಿಕಾರಿಗಳ ಪೆಟ್ಟಿಗೆ ಸೇರಿ ಇಂಗ್ಲೆಂಡಿನ ಹಳ್ಳಿಮನೆಗಳ ಗೋಡೆಗೆ ಏರಿದುವು.

ಹಾಗೆ ಚದರಿಹೋದ ಕೋವಿಗಳನ್ನು ಒಂದೊಂದಾಗಿ ಹುಡುಕಿ ಕೂಡಿಸಿದವನು ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷಿನವನು. ಟಿಪ್ಪುವಿನ ಕೋವಿಗಳ ಮೇಲೆಯೇ ಅವನು ಬರೆದ ದೊಡ್ಡ ಗ್ರಂಥ 1992ರಲ್ಲಿ ಅಚ್ಚಾಯಿತು. ಮುದ್ರೆಗಳನ್ನು ಹೋಲಿಸಿ, ವರ್ಷಗಳನ್ನು ಬಿಡಿಸಿ, ಯಾವುದು ಎಲ್ಲಿಯದೆಂದು ಹೇಳಿಕೊಟ್ಟ ಆ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆ ಕೆಲಸವನ್ನು ನಾವು ಮಾಡಲಿಲ್ಲ. 2005ರಲ್ಲಿ ಅವನ ಸಂಗ್ರಹ ಲಂಡನ್ನಿನಲ್ಲಿ ಹರಾಜಾಗಿ ಮತ್ತೆ ಚದರಿತು. 2015ರ ಏಪ್ರಿಲ್ 21ರಂದು ಬಾನ್ಹಾಮ್ಸ್ ಸಂಸ್ಥೆ ಟಿಪ್ಪುವಿನ 30 ವಸ್ತುಗಳನ್ನು ಮಾರಿದಾಗ 60 ಲಕ್ಷ ಪೌಂಡಿನಷ್ಟು ಹಣ ಬಂದಿತು. ನಾನು ಮೇಲೆ ಹೇಳಿದಂಥ, ಎರಡು ಗುಂಡಿನ ಒಂದು ಬೇಟೆಕೋವಿಗೇ 7,22,500 ಪೌಂಡು. 2019ರಲ್ಲಿ ಬರ್ಕ್‌ಷೈರಿನ ದಂಪತಿಗಳೊಬ್ಬರ ಮನೆಯ ಅಟ್ಟದಲ್ಲಿ ಹಳೆಯ ಪತ್ರಿಕೆಗಳಲ್ಲಿ ಸುತ್ತಿಟ್ಟ ಬೆಳ್ಳಿ ಕೆಲಸದ ಕೋವಿಯೂ ಕತ್ತಿಗಳೂ ಸಿಕ್ಕಿದುವು. ಈಸ್ಟ್ ಇಂಡಿಯಾ ಕಂಪೆನಿಯ ಮೇಜರ್ ಥಾಮಸ್ ಹಾರ್ಟ್ ಎಂಬವನು ಒಯ್ದ ವಸ್ತುಗಳಂತೆ. ಆ ಕೋವಿ ಸನೀನಿನೊಂದಿಗೆ 60,000 ಪೌಂಡಿಗೆ ಹೋಯಿತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದ ಒಂದು ಮಾತಿದೆ. ಲೆಕ್ಕಕ್ಕೆ ಬಂದ 99,000ದಲ್ಲಿ ಸಂಗ್ರಾಹಕರ ಕೈಯಲ್ಲಿ ಈಗ ಇರುವುವು ಎಷ್ಟು? ಬೆರಳೆಣಿಕೆಯೆನ್ನಬೇಕಾದಷ್ಟು. ಬೆಳ್ಳಿ ಇದ್ದುದರಿಂದ ಅವು ಉಳಿದುವು. ದೊರೆ ಬೇಟೆಗೆ ಹಿಡಿದ, ಕಾಣಿಕೆಗೆ ಕೊಟ್ಟ, ತನ್ನನ್ನು ಲೋಕ ಹೀಗೆ ಕಾಣಬೇಕೆಂದು ಕೆತ್ತಿಸಿದ ಕೋವಿಗಳು ಅವು. ಘಟ್ಟದ ದಾರಿಯಲ್ಲಿ ಸೆರೆಯವರ ಹಿಂದೆ ನಡೆದ ಕಾವಲಿನವನ ಹೆಗಲ ಮೇಲಿದ್ದ ಕೋವಿಗೆ ಚಿನ್ನದ ಬರಹ ಇರಲಿಲ್ಲ. ಅಹ್ಮದಿ ದಳಕ್ಕೆ ಸೇರಿಸಿದ ಮಂಗಳೂರಿನ ಹುಡುಗನ ಕೈಗೆ ಕೊಟ್ಟ ಕೋವಿಗೂ ಇದ್ದಿರಲಾರದು. ಅಂಥವನ್ನು ಯಾರೂ ಹಳ್ಳಿಮನೆಯ ಗೋಡೆಗೆ ತೂಗುಹಾಕಲಿಲ್ಲ, ಯಾರೂ ಹರಾಜಿಗೆ ತರಲಿಲ್ಲ. ಸಾದಾ ಆಯುಧಗಳು ಒಮ್ಮೊಮ್ಮೆ ನೆಲದಿಂದಲೇ ಎದ್ದುಬರುತ್ತವೆ: 2018ರ ಜುಲೈಯಲ್ಲಿ ಹೊಸನಗರ ತಾಲೂಕಿನ ಬಿದನೂರಿನ ಪಾಳುಬಾವಿಯೊಂದರ ಕೆಸರಿನಲ್ಲಿ ಟಿಪ್ಪುವಿನ ಕಾಲದವೆನ್ನಲಾದ ಸಾವಿರಕ್ಕೂ ಮಿಕ್ಕಿದ ಕಬ್ಬಿಣದ ರಾಕೆಟ್ಟುಗಳು ಸಿಕ್ಕಿದುವು. ತುಕ್ಕು ಹಿಡಿದ ಗಿಡ್ಡ ಕೊಳವೆಗಳು. ಅವುಗಳ ಮೇಲೆ ನೋಡತಕ್ಕ ಅಲಂಕಾರವೇನೂ ಇಲ್ಲ. ಅವುಗಳ ಹೊಡೆತ ತಿಂದ ಇಂಗ್ಲಿಷರು ಅವನ್ನು ಒಯ್ದು ಪರೀಕ್ಷಿಸಿ ತಮ್ಮದೇ ರಾಕೆಟ್ಟುಗಳನ್ನು ಮಾಡಿಕೊಂಡರು.

ಆ ವಿದ್ಯಾರ್ಥಿನಿ ಈಗ ತಾನೇ ಅಧ್ಯಾಪಿಕೆ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ತನ್ನ ಮಕ್ಕಳನ್ನು ಕರೆದುಕೊಂಡು ಬತ್ತೇರಿಗೆ ಬಂದಿದ್ದಳು, ನನ್ನನ್ನೂ ಕರೆದಿದ್ದಳು. ಚಿತ್ರಪುಸ್ತಕವನ್ನು ಒಯ್ದಿದ್ದೆ. ಮಕ್ಕಳು ಹುಲಿತಲೆಯ ಕೋವಿಯ ಪುಟವನ್ನು ಬಿಡಲೊಲ್ಲರು. ಅವಳೂ ಅವರ ಹೆಗಲ ಮೇಲಿಂದ ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ ಎಂದಳು, ತಡೆದು, ಚೆನ್ನಾಗಿರುವುದೇ ಕಷ್ಟ ಎಂದು ಸೇರಿಸಿದಳು. ನಾನು ಈ ಸಲ ಹಾರಿಕೆಯ ಮಾತು ಆಡಲಿಲ್ಲ. ಹದಿನೈದು ವರ್ಷಗಳ ಸೆರೆಯ ವಿಷಯ ನನ್ನ ಪಾಠದಲ್ಲಿ ಎರಡು ಸಾಲು ಮಾತ್ರ ಇದ್ದಿತೆಂದು ಒಪ್ಪಿಕೊಂಡೆ. ತಾನು ಅದನ್ನು ಎರಡು ತರಗತಿ ಹೇಳುತ್ತೇನೆ, ಶೃಂಗೇರಿಯ ಪತ್ರಗಳನ್ನೂ ಬಿಡುವುದಿಲ್ಲ ಎಂದಳು. ಅಷ್ಟರಲ್ಲಿ ಅವಳ ಕಿರಿಯ ಮಗ ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ತಡವುತ್ತಾ, ಹುಲಿಯ ಪಟ್ಟೆ ಎಲ್ಲಿಯಾದರೂ ಕೆತ್ತಿದೆಯೇ ಎಂದು ಹುಡುಕತೊಡಗಿದ್ದ. ನಾನೂ ಜೊತೆಗೂಡಿ ಕಿಂಡಿಯಿಂದ ಕಿಂಡಿಗೆ ನೋಡುತ್ತ ಹೋದೆ. ನಮಗೆ ಸಿಕ್ಕಿದುದು ಪಾಚಿ, ಮತ್ತು ಯಾರೋ ಇತ್ತೀಚೆಗೆ ಸುಣ್ಣದಲ್ಲಿ ಬರೆದ ತಮ್ಮ ಹೆಸರುಗಳು. ದೋಣಿಯವನು ಕೂಗಿದ, ಮಕ್ಕಳು ತಣ್ಣೀರುಬಾವಿಗೆ ಹೋಗಬೇಕೆಂದು ಮೆಟ್ಟಿಲಿಳಿದು ಓಡಿದರು.